ಹೋಲಿಸಲು ಇನ್ನೊಂದು ರಕ್ತ

ರಮದಾನ್‌ಗೆ ಮುಂಚಿನ ಶಅಬಾನ್ ತಿಂಗಳ ಮೊದಲ ಶುಕ್ರವಾರ ಹಾಜ್ ರಿಫಾಯಿಯವರ ಮನೆಯಲ್ಲಿ ಊಟಕ್ಕೆ ಸೇರಿದವರು ಐವರು. ಐದನೆಯವಳು, ಎಂಟು ವರ್ಷದ ಜುಮಾನಾ, ಕಿಟಕಿಯ ಸರಳು ಹಿಡಿದು ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು. ಅವಳ ತಾಯಿ ನಿಹಾಲ್ ಒಂದು ಕೈಯಲ್ಲಿ ಉಬ್ಬಸದ ನೀಲಿ ಪಂಪು ಹಿಡಿದು, ಇನ್ನೊಂದು ಕೈಯಲ್ಲಿ ಮಗುವಿನ ಬೆನ್ನು ಮುಟ್ಟಿ ಉಸಿರು ಎಣಿಸುತ್ತಿದ್ದಳು. ನಿಮಿಷಕ್ಕೆ ಮೂವತ್ತಾರು.

"ಮತ್ತೆ ಚಾವಣಿಗೆ ಹೋಗಿದ್ಲಾ?"

"ಹೋಗಿದ್ಲು. ಶುಕ್ರವಾರ ಅಲ್ವಾ?" ಎಂದರು ಮಾವ ರಿಫಾಯಿ, ರೊಟ್ಟಿಯ ತುಂಡನ್ನು ಮುಲುಖಿಯಾ ಸಾರಿನಲ್ಲಿ ಅದ್ದುತ್ತ. ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ಸಿಗ್ನಲ್ ಕೈ ಎಳೆದವರು. ನಿವೃತ್ತಿಯ ನಂತರ ಚಾವಣಿಯ ಮೇಲಿನ ಮರದ ಪಾರಿವಾಳದ ಗೂಡೇ ಅವರ ನಿಲ್ದಾಣವಾಗಿತ್ತು. ಶುಕ್ರವಾರ ನಮಾಜು ಮುಗಿಸಿ ಬಂದವರೇ ಮೇಲೆ ಹತ್ತಿ, ಉದ್ದ ಕೋಲಿಗೆ ಕಟ್ಟಿದ ಕೆಂಪು ಬಟ್ಟೆ ಬೀಸಿ ಮೂವತ್ತು ಹಕ್ಕಿಗಳನ್ನು ಆಕಾಶದಲ್ಲಿ ತಿರುಗಿಸುವರು. ಸಿಳ್ಳೆ ಹಾಕುವ ಕೆಲಸ ಜುಮಾನಾಳದು.

"ಪ್ರತಿ ಶುಕ್ರವಾರ ಹೋಗ್ತಾಳೆ, ಪ್ರತಿ ಶುಕ್ರವಾರ ಹೀಗಾಗತ್ತೆ. ನಿಮಗೆ ಕಾಣಲ್ವಾ ಮಾವ?"

"ಪ್ರತಿ ಶುಕ್ರವಾರ ಇಮಾಮರು ಭಾಷಣಾನೂ ಮಾಡ್ತಾರೆ ಕಣಮ್ಮ. ಅವರನ್ನೂ ಊರು ಬಿಡಿಸೋಣ್ವಾ?"

ನಿಹಾಲಳ ಗಂಡ ವಾಯಿಲ್ ನಗು ತಡೆಯಲು ನೀರು ಕುಡಿದ. ಅತ್ತೆ ಇನ್ಸಾಫ್ ಅಡುಗೆಮನೆಯಿಂದ ಅನ್ನದ ತಟ್ಟೆ ತರುವಾಗ ಬಾಗಿಲ ಬಳಿ ಜಾರಿ, ಗೋಡೆ ಹಿಡಿದು ನಿಂತರು.

"ಇದೇನು ಮನೇನಾ, ನೈಲ್ ನದೀನಾ? ಬೆಳಗ್ಗೆಯಿಂದ ನೆಲ ಆರಿಲ್ಲ. ನೆಲಕ್ಕೆ ಸುರಿದ ಈ ಕ್ಲೋರ್ ವಾಸನೆಗೆ ನನ್ನ ಕಣ್ಣೇ ಉರೀತಿದೆ."

"ಶುಚಿ ಇಲ್ದೆ ಹೋದ್ರೆ ಮಗು ಇನ್ನೂ ಹಾಳಾಗತ್ತೆ ಅತ್ತೆ. ವಾರಕ್ಕೆ ಒಂದೇ ದಿನ ನನಗೆ ರಜ ಇರೋದು."

ಪಂಪಿನ ನಾಲ್ಕನೆಯ ಎಳೆತಕ್ಕೆ ಜುಮಾನಾಳ ಎದೆಯ ಸಿಳ್ಳೆ ಇಳಿಯಿತು. ಅವಳು ಬಂದು ತಾತನ ಪಕ್ಕ ಕುಳಿತು, ಅವರ ತಟ್ಟೆಯಿಂದಲೇ ಒಂದು ತುತ್ತು ತೆಗೆದುಕೊಂಡಳು.

"ತಾತ, ಸುಕ್ಕರ್ ಇವತ್ತು ಎಲ್ಲರಿಗಿಂತ ಮೇಲೆ ಹೋದ್ಲು ಅಲ್ವಾ?"

ಸುಕ್ಕರ್ ಎಂದರೆ ಬಿಳಿ ಕುತ್ತಿಗೆಯ ಬೂದು ಹೆಣ್ಣು ಪಾರಿವಾಳ. ಹೆಸರಿಟ್ಟವಳು ಜುಮಾನಾ.

"ಮೇಲೆ ಹೋದ್ಲು. ನಿನ್ನಮ್ಮನ ಕೋಪಕ್ಕಿಂತ ಮೇಲೆ," ಎಂದರು ರಿಫಾಯಿ.

ನಿಹಾಲ್ ನಗಲಿಲ್ಲ.

ಅವಳು ಮನ್ಸೂರಾದ ಒಂದು ಮಕ್ಕಳ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಆ ಚಳಿಗಾಲ ಅಲ್ಲಿ ಉಬ್ಬಸದ ಮಕ್ಕಳ ರಕ್ತ ಪರೀಕ್ಷಿಸುವ ಅಧ್ಯಯನ ನಡೆದಿತ್ತು. ರಕ್ತದ ಬಿಳಿ ಕಣಗಳ ಮೈಮೇಲೆ ಹಲವು ಗುರುತುಗಳಿರುತ್ತವೆ. ಒಂದೊಂದು ಗುರುತಿಗೆ ಒಂದೊಂದು ಬಣ್ಣ ಅಂಟಿಕೊಳ್ಳುತ್ತದೆ. ಕೊಳವೆಗೆ ಬಣ್ಣದ ಹನಿ ಹಾಕಿ, ಇಪ್ಪತ್ತು ನಿಮಿಷ ಕತ್ತಲಲ್ಲಿಟ್ಟು ಯಂತ್ರಕ್ಕೆ ಕೊಟ್ಟರೆ ಕಣಗಳು ಒಂದೊಂದಾಗಿ ಬೆಳಕಿನ ಮುಂದೆ ಹಾದುಹೋಗಿ ಪರದೆಯ ಮೇಲೆ ಚುಕ್ಕಿಗಳಾಗುತ್ತವೆ. ನಿಹಾಲ್ ಹೆಚ್ಚು ನೋಡುತ್ತಿದ್ದುದು ಸಿಡಿ ಅರವತ್ತೊಂಬತ್ತು ಎಂಬ ಗುರುತನ್ನು. ಸುಮ್ಮನಿದ್ದ ಕಣ ಎಚ್ಚೆತ್ತ ಕೆಲವೇ ಗಂಟೆಗಳಲ್ಲಿ ಅದು ಮೈಮೇಲೆ ಮೂಡುತ್ತದೆ.

ಒಮ್ಮೆ ಇದನ್ನು ಅತ್ತೆಗೆ ವಿವರಿಸಿದ್ದಳು. "ಸಿಪಾಯಿ ಎದೆ ಮೇಲೆ ಬಿಲ್ಲೆ ಇರತ್ತಲ್ಲ, ಹಾಗೆ."

"ಬಿಲ್ಲೆ ಇಲ್ಲದ ಸಿಪಾಯೀನೂ ಹೊಡೀತಾನೆ," ಎಂದು ಇನ್ಸಾಫ್ ಬೆಂಡೆಕಾಯಿ ಹೆಚ್ಚುವುದನ್ನು ಮುಂದುವರಿಸಿದ್ದರು.

ಅಧ್ಯಯನದ ಮಕ್ಕಳಲ್ಲಿ ಜುಮಾನಾಳೂ ಒಬ್ಬಳು. ಸೋಮವಾರ ಅವಳ ರಕ್ತ ತೆಗೆದಾಗ ಕೊಳವೆಯ ತಳದಲ್ಲಿ ಸ್ವಲ್ಪ ಉಳಿಯಿತು. ಉಳಿದದ್ದನ್ನು ಚೆಲ್ಲಬೇಕು. ನಿಹಾಲ್ ಚೆಲ್ಲಲಿಲ್ಲ. ಅಂದು ಬೆಳಗ್ಗೆ ಮಾವ ರೊಟ್ಟಿ ತರಲು ಹೋದಾಗ ಅವಳು ಚಾವಣಿ ಹತ್ತಿ, ಗೂಡಿನ ಹಲಗೆಯಿಂದ ಪುಕ್ಕ ಮತ್ತು ಒಣಗಿದ ಹಿಕ್ಕೆ ಕೆರೆದು ಪೊಟ್ಟಣ ಕಟ್ಟಿ ತಂದಿದ್ದಳು. ಅದನ್ನು ಉಪ್ಪುನೀರಲ್ಲಿ ಕಲಸಿ, ಸೋಸಿ, ಮಗಳ ರಕ್ತಕ್ಕೆ ಒಂದು ಹನಿ ಹಾಕಿದಳು. ಸಂಜೆ ಎಲ್ಲರೂ ಹೊರಟ ಮೇಲೆ ಯಂತ್ರಕ್ಕೆ ಕೊಟ್ಟಳು.

ಹನಿ ಹಾಕದ ರಕ್ತದಲ್ಲಿ ಎಚ್ಚೆತ್ತ ಕಣಗಳು ನೂರಕ್ಕೆ ನಾಲ್ಕು. ಹನಿ ಹಾಕಿದ್ದರಲ್ಲಿ ಅರವತ್ತೆರಡು.

ಅವಳು ಆ ಕಾಗದವನ್ನು ಎರಡು ಪ್ರತಿ ತೆಗೆದಳು.

ಎರಡನೆಯ ಶುಕ್ರವಾರ ಅನ್ನ ಬಡಿಸುವ ಮೊದಲೇ ಕಾಗದ ಮೇಜಿನ ಮೇಲೆ ಬಂತು. ಅವತ್ತೂ ಜುಮಾನಾ ಕೆಮ್ಮಿ ಕೆಮ್ಮಿ ಒಳಗೆ ಮಲಗಿದ್ದಳು.

"ಇದೇನು?" ರಿಫಾಯಿ ಕಾಗದವನ್ನು ದೂರ ಹಿಡಿದು ನೋಡಿದರು. ಒಂದು ಚೌಕದಲ್ಲಿ ಚುಕ್ಕಿಗಳು ಮೂಲೆಗೆ ಸೇರಿದ್ದವು. ಪಕ್ಕದ ಚೌಕದಲ್ಲಿ ಹಿಂಡಾಗಿ ಬಲಕ್ಕೆ ಹಾರಿದ್ದವು. "ಹಕ್ಕಿಗಳ ಹಾಗಿವೆ."

"ಜುಮಾನಾಳ ರಕ್ತದ ಕಣಗಳು ಮಾವ. ಇದು ಹಾಗೇ ಇರೋದು. ಇದು ನಿಮ್ಮ ಗೂಡಿನ ಕಸ ಮುಟ್ಟಿಸಿದ ಮೇಲೆ."

"ನನ್ನ ಗೂಡಿಂದ ಕದ್ದೆಯಾ?"

"ಕದ್ದೆ. ಮಗುಗೋಸ್ಕರ ಕದ್ದೆ."

"ನಿಹಾಲ್, ಊಟದ ಹೊತ್ತಲ್ಲಿ ಬೇಡ," ಎಂದ ವಾಯಿಲ್.

"ಮತ್ಯಾವಾಗ ವಾಯಿಲ್? ನಿನ್ನ ವ್ಯಾನು ಊರಿಂದೂರಿಗೆ ಓಡ್ತಿರತ್ತೆ. ಪಂಪು ಹಿಡ್ಕೊಂಡು ಕೂರೋಳು ನಾನು. ಹಕ್ಕಿನಾ, ಮಗೂನಾ, ಈ ಮನೇಲಿ ಯಾರಾದ್ರೂ ಒಬ್ರು ಹೇಳಿ."

ಇನ್ಸಾಫ್ ಸಟ್ಟುಗ ಕೆಳಗಿಟ್ಟರು. "ಚರ್ಮಕ್ಕೆ ಚುಚ್ಚಿ ನೋಡ್ತಾರಂತಲ್ಲ, ಪಕ್ಕದ ಮನೆ ಹುಡುಗಿಗೆ ಮಾಡಿದ್ರು. ಅದು ಮಾಡ್ಸಿದ್ಯಾ?"

"ಅದಕ್ಕೆ ಒಂದು ವಾರ ಅಲರ್ಜಿ ಸಿರಪ್ ನಿಲ್ಲಿಸ್ಬೇಕು ಅತ್ತೆ. ಅಷ್ಟು ದಿನ ಹೇಗೆ ಬಿಡ್ಲಿ? ಅದೆಲ್ಲ ಹಳೇ ಪದ್ಧತಿ. ಇದು ಒಂದೊಂದು ಕಣಾನೂ ಎಣಿಸತ್ತೆ."

"ಕೇಳಿಸ್ತಾ ಹಾಜ್? ನಮ್ಮ ಡಾಕ್ಟರಮ್ಮ ಆಸ್ಪತ್ರೆಗಿಂತ ಮುಂದೆ ಹೋಗಿದಾಳೆ."

ರಿಫಾಯಿ ಹೆಂಡತಿಯತ್ತ ತಿರುಗದೆ ಕಾಗದದ ಮೇಲೆ ಬೆರಳಿಟ್ಟರು. "ಯಂತ್ರ ಹೇಳಿದ್ದಾ ಇದು?" ಎಂದು ಸೊಸೆಯನ್ನು ಕೇಳಿದರು.

"ಹೌದು ಮಾವ."

"ನೀನು ಹೇಳಿದ್ದಲ್ಲ."

"ಯಂತ್ರ ಹೇಳಿದ್ದು."

ಸಿಗ್ನಲ್ ಕೆಂಪಾದರೆ ಯಾಕೆ ಎಂದು ಕೇಳದೆ ರೈಲು ನಿಲ್ಲಿಸಿ ಬದುಕಿದ ಮನುಷ್ಯ ಅವರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಗಲಾಬಿಯ್ಯ ನಿಲುವಂಗಿಯ ಜೇಬಿಗೆ ಹಾಕಿಕೊಂಡರು. ಅಂದು ಅನ್ನ ಮುಟ್ಟಲಿಲ್ಲ.

ಭಾನುವಾರ ದಮಿಯಾತ್‌ನಿಂದ ಪಾರಿವಾಳದ ಹವ್ಯಾಸಿಯೊಬ್ಬ ಬಂದ. ಹತ್ತಿರದವರಿಗೆ ಕೊಟ್ಟರೆ ಹಕ್ಕಿಗಳು ಮಾರನೆಯ ದಿನವೇ ಹಳೆಯ ಗೂಡಿಗೆ ಬಂದು ಕೂರುತ್ತವೆ. ಅದಕ್ಕೆ ಸಮುದ್ರದ ದಂಡೆಯವನನ್ನು ಕರೆಸಿದ್ದರು. ಜುಮಾನಾ ಶಾಲೆಗೆ ಹೋದ ಮೇಲೆ ಇಬ್ಬರೂ ಸೇರಿ ಹಕ್ಕಿಗಳನ್ನು ತಾಳೆಗರಿಯ ಪಂಜರಗಳಿಗೆ ತುಂಬಿದರು. ಬಂದವನು ಕೇಳಿದ್ದು ಒಂದೇ ಮಾತು.

"ಹಾಜ್, ಮರಳಿ ಬಂದ್ರೆ?"

"ಮರಳಿ ಬಂದದ್ದು ನಿನ್ನದೇ. ನಾನೇ ತಂದುಕೊಡ್ತೀನಿ. ನಮ್ಮಲ್ಲಿ ಮಾತು ಅಂದ್ರೆ ಮಾತು."

ಮಧ್ಯಾಹ್ನ ಬಂದ ಜುಮಾನಾ ಚೀಲ ಬಿಸಾಡಿ ಮೆಟ್ಟಿಲು ಹತ್ತಿದಳು. ಇಳಿದು ಬಂದವಳು ಅತ್ತಿರಲಿಲ್ಲ. ಸಂಜೆ ತಾಯಿ ಕೆಲಸದಿಂದ ಬಂದಾಗ "ಗೂಡಿನ ಬಾಗಿಲು ತೆಗೆದಿಟ್ಟಿದೆ ಅಮ್ಮ," ಎಂದಳು ಅಷ್ಟೆ.

ಆ ವಾರ ನಿಹಾಲ್ ಕೆಲಸದಿಂದ ಬಂದವಳೇ ಸೀರೆಯಷ್ಟು ಉದ್ದದ ಒರೆಸುವ ಬಟ್ಟೆ ಹಿಡಿಯುತ್ತಿದ್ದಳು. ರಮದಾನ್‌ಗೆ ಮೊದಲು ಮನೆ ತೊಳೆಯುವುದು ಎಲ್ಲರ ಪದ್ಧತಿ; ಬೀದಿಯ ಎಲ್ಲ ಬಾಲ್ಕನಿಗಳಲ್ಲೂ ರತ್ನಗಂಬಳಿ ಜೋತಾಡುತ್ತಿದ್ದವು. ಆದರೆ ನಿಹಾಲ್ ಬರೀ ಮನೆ ತೊಳೆಯಲಿಲ್ಲ. ಒಂದು ಪುಕ್ಕವೂ ಉಳಿಯಬಾರದೆಂದು ನಾಲ್ಕು ಅಂತಸ್ತಿನ ಮೆಟ್ಟಿಲು, ಚಾವಣಿ, ಕಿಟಕಿಯ ಸಂದು, ಮಗುವಿನ ಮಂಚದ ಕಾಲು ಎಲ್ಲದಕ್ಕೂ ಬಿಸಿನೀರಿನಲ್ಲಿ ಕ್ಲೋರ್ ಬೆರೆಸಿ ಸುರಿದಳು. ಕೈಬೆರಳ ಗೆಣ್ಣುಗಳು ಬಿಳಿಚಿ ಬಿರಿದವು.

"ಸಾಕು ಮಾರಾಯ್ತಿ," ಎಂದರು ಇನ್ಸಾಫ್ ಮೂಗಿಗೆ ತಲೆವಸ್ತ್ರದ ಅಂಚು ಮುಚ್ಚಿ. "ದೇವದೂತರೂ ಈ ಮನೆಗೆ ಕೆಮ್ಮಿಕೊಂಡೇ ಬರ್ಬೇಕು."

ಮೂರನೆಯ ಶುಕ್ರವಾರ ಚಾವಣಿಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಜುಮಾನಾ ಮೆಟ್ಟಿಲ ಕಡೆ ಸುಳಿದಿರಲೂ ಇಲ್ಲ. ಬೆಳಗ್ಗೆ ಹತ್ತಕ್ಕೆ, ತಾಯಿ ಬಚ್ಚಲಲ್ಲಿ ಎರಡನೆಯ ಬಕೆಟ್ಟು ತುಂಬುತ್ತಿದ್ದಾಗ, ಅವಳು ಬಾಗಿಲಲ್ಲಿ ಬಂದು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ. ತುಟಿ ನೀಲಿಯಾಗಿತ್ತು.

ಪಂಪು ಹಾಕಿದರೂ ಉಸಿರು ತೆರೆಯಲಿಲ್ಲ. ವಾಯಿಲ್ ಮಗುವನ್ನು ಎತ್ತಿಕೊಂಡು ನಾಲ್ಕು ಅಂತಸ್ತು ಇಳಿದ. ಹಿಂದೆ ಬರಿಗಾಲಲ್ಲಿ ರಿಫಾಯಿ. ವ್ಯಾನಿನಲ್ಲಿ ಕೂತ ಮೇಲೆ ಅವರು ಒಂದೇ ಸಮ ಹೇಳುತ್ತಿದ್ದರು, "ಹಕ್ಕಿ ಕೊಟ್ಬಿಟ್ಟೆನಲ್ಲ ಕಂದ. ಎಲ್ಲಾ ಕೊಟ್ಬಿಟ್ಟೆನಲ್ಲ."

ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಭಾನುವಾರ ಬೆಳಗ್ಗೆ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಮಾಗ್ದಾ ವಾರ್ಡಿಗೆ ಬಂದು ಮಗುವಿನ ಎದೆ ಕೇಳಿದರು. ನಿಹಾಲ್ ತನ್ನ ಚೀಲದಿಂದ ಕಾಗದದ ಎರಡನೆಯ ಪ್ರತಿ ತೆಗೆದುಕೊಟ್ಟು ಎಲ್ಲವನ್ನೂ ಹೇಳಿದಳು. ಪಾರಿವಾಳ ಹೋಗಿ ಐದು ದಿನವಾದ ಮೇಲೂ ಹೀಗಾದದ್ದೇಕೆ ಎಂದು ಕೇಳಿದಳು.

ಮಾಗ್ದಾ ಕಾಗದವನ್ನು ಎರಡು ಸಲ ಓದಿದರು.

"ಹೋಲಿಕೆಗೆ ಯಾರ ರಕ್ತ ಇಟ್ಟಿದ್ದೆ?"

"ಹನಿ ಹಾಕದ್ದು ಇತ್ತಲ್ಲ ಮೇಡಂ."

"ಅದೂ ಇವಳದೇ. ಉಬ್ಬಸ ಇಲ್ಲದವರ ರಕ್ತಕ್ಕೆ ಈ ಹನಿ ಹಾಕಿ ನೋಡಿದ್ಯಾ?"

ನಿಹಾಲ್ ಕಾಗದವನ್ನು ವಾಪಸ್ ತೆಗೆದುಕೊಂಡು ನೋಡಿದಳು. ಒಂಬತ್ತು ವರ್ಷದಿಂದ ಹೋಲಿಕೆಯ ಕೊಳವೆ ಇಲ್ಲದೆ ಒಂದು ಪರೀಕ್ಷೆಯನ್ನೂ ಅವಳು ಮುಂದೆ ಕಳಿಸಿರಲಿಲ್ಲ. ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು.

"ಮನೆಯವರ ರಕ್ತ ಅಧ್ಯಯನದಿಂದ ತೆಗೆದು ಬಳಸಿದ್ದಕ್ಕೆ ಆಮೇಲೆ ಬೈತೀನಿ," ಎಂದರು ಮಾಗ್ದಾ. "ಈಗ ಇದು ಕೇಳು. ಈ ಗುರುತು ಕಣ ಎದ್ದಿದೆ ಅನ್ನತ್ತೆ. ಯಾರು ಎಬ್ಬಿಸಿದ್ರು ಅಂತ ಹೇಳಲ್ಲ. ಹಿಕ್ಕೆ ನೀರಿಗೆ ಯಾರ ಕಣ ತಾನೆ ಮಲಗಿರತ್ತೆ?" ಆಮೇಲೆ ಅವಳ ಕೈ ಹಿಡಿದು ತಿರುಗಿಸಿದರು. "ಇದೇನು, ಬಟ್ಟೆ ಕಾರ್ಖಾನೇಲಿ ಕೆಲಸ ಮಾಡ್ತೀಯಾ?"

"ಮನೆ ತೊಳೆದದ್ದು. ಕ್ಲೋರ್."

"ಮಾಮೂಲಾಗಿ ಯಾವತ್ತು ತೊಳೀತೀಯ?"

"ಶುಕ್ರ..." ಎಂದಳು ನಿಹಾಲ್.

ಹಾಸಿಗೆಯಲ್ಲಿದ್ದ ಜುಮಾನಾ ಮುಖದ ಮೇಲಿನ ಆವಿಯ ಮುಖವಾಡ ಸರಿಸಿದಳು. "ಅಮ್ಮ ತೊಳೆದ ದಿನ ನನ್ನ ಗಂಟಲು ಮುಚ್ಕೊಳ್ಳತ್ತೆ. ಅದಕ್ಕೇ ನಾನು ಚಾವಣಿಗೆ ಹೋಗೋದು."

"ಮೊದಲೇ ಯಾಕೆ ಹೇಳಲಿಲ್ಲ ಪುಟ್ಟ?" ಎಂದರು ಮಾಗ್ದಾ.

"ನನಗೋಸ್ಕರ ತೊಳೀತೀನಿ ಅಂತ ಅಮ್ಮ ಹೇಳ್ತಿದ್ಲು."

ಅಂದು ಮಧ್ಯಾಹ್ನ ಮಾಗ್ದಾರ ಎದುರಿಗೇ ನಿಹಾಲ್ ತನ್ನ ತೋಳಿನ ರಕ್ತ ತೆಗೆಸಿ, ಫ್ರಿಜ್ಜಿನಲ್ಲಿ ಉಳಿದಿದ್ದ ಆ ಹಿಕ್ಕೆ ನೀರಿನ ಹನಿ ಹಾಕಿದಳು. ಸಂಜೆ ಪರದೆಯ ಮೇಲೆ ಚುಕ್ಕಿಗಳು ಹಿಂಡಾಗಿ ಬಲಕ್ಕೆ ಹಾರಿದವು. ಜೀವಮಾನದಲ್ಲಿ ಒಮ್ಮೆಯೂ ಉಬ್ಬಸ ಕಾಣದ ಅವಳ ರಕ್ತದಲ್ಲಿ ನೂರಕ್ಕೆ ಐವತ್ತೆಂಟು.

ಕ್ಲೋರಿನ ಬಾಟಲಿಗಳನ್ನು ಅವಳು ಯಾರಿಗೂ ಹೇಳದೆ ಬೀದಿಯ ಕಸದ ಗಾಡಿಗೆ ಕೊಟ್ಟಳು. ನೆಲವನ್ನು ಬರೀ ನೀರಿನಲ್ಲಿ ಒರೆಸಿದಳು. ಅತ್ತೆ ಕೇಳಿದಾಗ "ಕೈ ಬಿರಿದಿದೆ" ಎಂದಳು. ಚರ್ಮದ ಪರೀಕ್ಷೆಗೆಂದು ಸಿರಪ್ ನಿಲ್ಲಿಸಲು ಮಾಗ್ದಾ ಹೇಳಿದ್ದರು, ನಿಲ್ಲಿಸಿದಳು. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ, ಜುಮಾನಾಳಿಗೂ ಸದ್ಯಕ್ಕೆ ಹೇಳಬೇಡ ಎಂದಿದ್ದಳು. ಪರೀಕ್ಷೆ ಆಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಳು.

ನಾಲ್ಕನೆಯ ಶುಕ್ರವಾರ ಐವರೂ ಒಟ್ಟಿಗೆ ಊಟಕ್ಕೆ ಕುಳಿತರು. ಅನ್ನ ತುಂಬಿದ ಎಲೆಕೋಸಿನ ಮಹ್ಶಿ ಸುರುಳಿಗಳನ್ನು ಜುಮಾನಾ ಹನ್ನೊಂದು ತಿಂದಳು. ಒಂದು ಕೆಮ್ಮೂ ಇಲ್ಲ.

"ನೋಡು ಹಾಜ್," ಎಂದರು ಇನ್ಸಾಫ್, "ನಾನು ಇವಳನ್ನ ಡಾಕ್ಟರಮ್ಮ ಅಂತ ಆಡ್ಕೊಂಡೆ. ದೇವರು ನನ್ನ ಬಾಯಿ ಮುಚ್ಚಿಸಿದ. ಹಕ್ಕಿ ಹೋದ್ವು, ಮಗು ಚೇತರಿಸ್ಕೊಂಡ್ತು."

"ನಿಹಾಲ್ ಹೇಳಿದ್ದೇ ಸರಿ," ಎಂದರು ರಿಫಾಯಿ. ತಮ್ಮ ತಟ್ಟೆಯ ಕೊನೆಯ ಸುರುಳಿಯನ್ನು ಸೊಸೆಯ ತಟ್ಟೆಗೆ ಹಾಕಿದರು. "ತಿನ್ನಮ್ಮ. ಈ ತಿಂಗಳು ನೀನೇ ಸೊರಗಿದ್ದೀಯ."

ನಿಹಾಲ್ ಆ ಸುರುಳಿಯನ್ನು ಬಹಳ ಹೊತ್ತು ಅಗಿದಳು.

ಊಟವಾದ ಮೇಲೆ ರಿಫಾಯಿ ಟೋಪಿ ಹಾಕಿಕೊಂಡು ಹೊರಟರು. ಬಾಗಿಲು ಮುಚ್ಚಿದ್ದೇ ಇನ್ಸಾಫ್ ಮಗನತ್ತ ಬಾಗಿದರು.

"ಇವರು ಎಲ್ಲಿಗೆ ಹೋಗ್ತಾರೋ? ಎರಡು ವಾರದಲ್ಲಿ ಇದು ಮೂರನೇ ಸಲ. ಹೋದ್ರೆ ಕತ್ತಲಾದ ಮೇಲೇ ಬರೋದು. ಕೇಳಿದ್ರೆ ಚಹಾದಂಗಡಿ ಅಂತಾರೆ."

ವಾಯಿಲ್ ತಲೆ ಕೆರೆದುಕೊಂಡ. "ನಮ್ಮ ಸ್ಟ್ಯಾಂಡಿನ ಡ್ರೈವರ್ ಒಬ್ಬ ದಮಿಯಾತ್ ರೈಲು ನಿಲ್ದಾಣದಲ್ಲಿ ನೋಡಿದ್ನಂತೆ. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ ಇತ್ತಂತೆ."

"ಬುಟ್ಟೀನಾ? ನನ್ನ ಅಡುಗೆಮನೆಯಿಂದ ಊಟ ಹೊತ್ಕೊಂಡು ಯಾವಳಿಗೆ ಕೊಡ್ತಿದಾರೆ? ಎಪ್ಪತ್ತೊಂದಾಯ್ತು, ಹಲ್ಲು ಐದಿವೆ!"

"ಅಮ್ಮ, ಹಲ್ಲಿದ್ರೆ ಪರವಾಗಿಲ್ವಾ?"

"ಮುಚ್ಚೋ ಬಾಯಿ."

ಸೋಮವಾರ ಜುಮಾನಾಳ ಮುಂಗೈ ಮೇಲೆ ಹತ್ತು ಹನಿ ಇಟ್ಟು ಚುಚ್ಚಿದರು. ಮನೆಧೂಳಿನ ಹನಿಯ ಕೆಳಗೆ ಸೊಳ್ಳೆ ಕಡಿದಷ್ಟು ಊತ ಬಂತು. ಪುಕ್ಕದ ಹನಿಯ ಕೆಳಗೆ ಏನೂ ಇರಲಿಲ್ಲ. "ಗೂಡು ಗುಡಿಸೋಕೆ ಮಾತ್ರ ಇವಳನ್ನ ಬಿಡ್ಬೇಡ. ಸಿಳ್ಳೆ ಹಾಕ್ಲಿ, ತೊಂದರೆ ಇಲ್ಲ," ಎಂದರು ಮಾಗ್ದಾ. ಕ್ಲೋರ್ ಮನೆಯೊಳಗೆ ಬರಲೇಕೂಡದೆಂದು ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಎಳೆದರು.

ಮಂಗಳವಾರವೂ ನಿಹಾಲ್ ಹೇಳಲಿಲ್ಲ. ಬುಧವಾರ ಬೆಳಗ್ಗೆ, ರಮದಾನ್‌ಗೆ ಒಂದೇ ದಿನ ಉಳಿದಿರುವಾಗ, ಕೆಲಸಕ್ಕೆ ಹೊರಟವಳು ಚಾವಣಿಯ ಮೇಲೆ ರೆಕ್ಕೆ ಬಡಿಯುವ ಸದ್ದು ಕೇಳಿ ಮೇಲೆ ಹತ್ತಿದಳು.

ರಿಫಾಯಿ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಬೂದು ಹಕ್ಕಿಯನ್ನು ಬುಟ್ಟಿಗೆ ಇಳಿಸುತ್ತಿದ್ದರು. ಬಿಳಿ ಕುತ್ತಿಗೆ. ಸೊಸೆಯನ್ನು ಕಂಡು ಗಾಬರಿಯಿಂದ ಎದ್ದರು.

"ಮಗು ಕೆಳಗಿದೆ ತಾನೆ? ಬಾಗಿಲು ಹಾಕು, ಬಾಗಿಲು ಹಾಕು. ನಾನು ಈಗಲೇ ತಗೊಂಡು ಹೋಗ್ತೀನಿ."

"ಇದು ಸುಕ್ಕರ್."

"ಮತ್ತೆ ಬಂದಿದೆ. ನಾಲ್ಕನೇ ಸಲ. ಅವನು ದಾರ ಕಟ್ಟಿದ್ನಂತೆ, ಕಡ್ಕೊಂಡು ಬಂದಿದೆ, ಮೊಂಡು. ಪ್ರತಿ ಸಲಾನೂ ಅದೇ ದಿನ ಬಿಟ್ಟು ಬಂದಿದೀನಿ ಮಗಳೇ. ಮಗು ಕಣ್ಣಿಗೆ ಬೀಳೋಕೆ ಬಿಟ್ಟಿಲ್ಲ. ಬಂದ್ಮೇಲೆ ಕೆಳಗೇ ಅಂಗಿ ಬದಲಾಯಿಸಿ ಒಳಗೆ ಬರ್ತೀನಿ. ನೀನು ಹೆದರ್ಬೇಡ."

ನಿಹಾಲ್ ಗೂಡಿನ ಕಂಬ ಹಿಡಿದುಕೊಂಡಳು.

"ಮಾವ, ಪಾರಿವಾಳದಿಂದ ಅಲ್ಲ."

"ಏನು?"

"ಅವಳಿಗೆ ಆಗ್ತಿದ್ದದ್ದು ನನ್ನ ಕ್ಲೋರಿಂದ. ಮೊನ್ನೆ ಚುಚ್ಚಿ ನೋಡಿದ್ರು. ಪುಕ್ಕಕ್ಕೆ ಏನೂ ಆಗ್ಲಿಲ್ಲ. ನನಗೆ ಹತ್ತು ದಿನದ ಹಿಂದೇನೇ ಗೊತ್ತಾಗಿತ್ತು. ಹೇಳಲಿಲ್ಲ."

ಬುಟ್ಟಿಯೊಳಗೆ ಹಕ್ಕಿ ಗುಟುರು ಹಾಕಿತು. ರಿಫಾಯಿ ಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆಯ ಕಾಗದ ಹೊರತೆಗೆದರು. ಮಡಿಕೆಗಳು ಹರಿಯುವಷ್ಟು ಸವೆದಿದ್ದವು.

"ಮತ್ತೆ ಇದು? ಯಂತ್ರ ಸುಳ್ಳು ಹೇಳ್ತಾ?"

"ಯಂತ್ರ ಸುಳ್ಳು ಹೇಳಲಿಲ್ಲ. ಇನ್ನೊಬ್ಬರ ರಕ್ತ ಜೊತೆಗಿಟ್ಟು ನಾನು ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೆ ನನ್ನ ರಕ್ತ ಇಟ್ಟೆ. ಅದೂ ಹೀಗೇ ತೋರಿಸ್ತು."

"ನಿನಗೆ ಉಬ್ಬಸ ಇಲ್ವಲ್ಲ."

"ಇಲ್ಲ."

ಅವರು ಕಾಗದವನ್ನೇ ನೋಡುತ್ತ ನಿಂತರು. "ರೈಲಲ್ಲಿ ಕೂತಾಗ ಈ ಹಕ್ಕಿ ಮುಚ್ಚಳದ ಸಂದಿಯಿಂದ ನನ್ನನ್ನೇ ನೋಡೋದು. ಕಿಟಕಿಯಿಂದ ಬಿಟ್ಬಿಡೋಣ ಅನ್ನಿಸೋದು. ಆಗೆಲ್ಲ ಈ ಕಾಗದ ಮುಟ್ಟಿ ನೋಡ್ಕೊಳ್ತಿದ್ದೆ."

"ಬೈಯಿರಿ ಮಾವ."

"ಬೈದ್ರೆ ಏನ್ ಬಂತು? ಶುಕ್ರವಾರ ನನ್ನ ಕೊನೇ ಮಹ್ಶೀನೂ ತಿಂದೆಯಲ್ಲ, ಆಗ ಒಂದು ಮಾತು ಹೇಳೋಕಾಗ್ಲಿಲ್ವಾ?" ಅವರ ದನಿ ಮೊದಲ ಸಲ ಏರಿತು. ಬೇಗನೆ ಇಳಿಯಿತು. ಕಾಗದವನ್ನು ಅವಳ ಕೈಗಿಟ್ಟು, ಬುಟ್ಟಿಗೆ ಬಟ್ಟೆ ಮುಚ್ಚಿ ಗಂಟು ಹಾಕತೊಡಗಿದರು.

"ಇನ್ಯಾಕೆ ತಗೊಂಡು ಹೋಗ್ತೀರಿ? ಇಲ್ಲೇ ಇರ್ಲಿ."

"ಇದು ನಮ್ಮದಲ್ಲಮ್ಮ. ಕೊಟ್ಟಾಗಿದೆ. ಬಂದ್ರೆ ತಂದುಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಒಂಬತ್ತೂವರೆ ರೈಲು."

ನಿಹಾಲ್ ಗಡಿಯಾರ ನೋಡಿಕೊಂಡಳು. ಫೋನು ತೆಗೆದು, ಇವತ್ತು ಬರುವುದಿಲ್ಲ ಎಂದು ಮಾಗ್ದಾಗೆ ಎರಡು ಸಾಲು ಬರೆದಳು.

"ನಾನೂ ಬರ್ತೀನಿ."

"ಬಂದು ಏನ್ ಮಾಡ್ತೀಯ?"

"ಹಕ್ಕಿ ತಗೊಂಡವರಿಗೆ ಹೇಳ್ತೀನಿ. ತಪ್ಪು ಕಾಗದ ತಂದದ್ದು ನಾನು, ನಿಮ್ಮ ಮಾತು ತಪ್ಪಿಲ್ಲ ಅಂತ. ವಾಪಸ್ ಕೊಡಿ ಅಂತ ಕೇಳ್ತೀನಿ. ಎಲ್ಲಾ ಕೊಡದಿದ್ರೂ ಇದೊಂದನ್ನ ಕೇಳ್ತೀನಿ."

"ಕೊಡಲ್ಲ ಅಂದ್ರೆ?"

"ಇನ್ನೊಂದು ಸಲ ಬಂದು ಕೇಳ್ತೀನಿ."

ರಿಫಾಯಿ ಬುಟ್ಟಿ ಎತ್ತಿಕೊಂಡರು. ಬರಬೇಡ ಎನ್ನಲಿಲ್ಲ. ಮೆಟ್ಟಿಲಿಳಿಯುವಾಗ ಮನೆಯ ಬಾಗಿಲಲ್ಲಿ ನಿಂತಿದ್ದ ಇನ್ಸಾಫ್ ಬುಟ್ಟಿಯನ್ನೂ ಗಂಡನನ್ನೂ ಸೊಸೆಯನ್ನೂ ಒಂದೊಂದಾಗಿ ನೋಡಿದರು. "ಇವಳೂ ಸೇರ್ಕೊಂಡ್ಲಾ?" ಎಂದರು.

"ಬಂದು ಹೇಳ್ತೀನಿ ಅತ್ತೆ. ಎಲ್ಲಾನೂ ಹೇಳ್ತೀನಿ."

ದಮಿಯಾತ್ ರೈಲಿನಲ್ಲಿ ಹಬ್ಬದ ಸಾಮಾನಿನ ಜನ ತುಂಬಿದ್ದರು. ರಿಫಾಯಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರಿಗೆ ಕೂತ ನಿಹಾಲ್ ಬುಟ್ಟಿಗಾಗಿ ಕೈ ಚಾಚಿದಳು. ಅವರು ಸ್ವಲ್ಪ ಯೋಚಿಸಿ ಅದನ್ನು ಅವಳ ಮಡಿಲಿಗಿಟ್ಟರು. ರೈಲು ಹೊರಟು ಕುಲುಕಿದಾಗ ಅವಳು ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದಳು.

"ಅಷ್ಟು ಗಟ್ಟಿ ಹಿಡೀಬೇಡ," ಎಂದರು ರಿಫಾಯಿ, ಹೊರಗೆ ನೋಡುತ್ತಲೇ. "ಅದೂ ಉಸಿರಾಡ್ಬೇಕು."

ನಿಹಾಲ್ ಕೈ ಸಡಿಲಿಸಿದಳು.